ಎರಡು ಕೈಯ ಕುಲಾವಿ

ನಾನು ಒಂದು ಹೆಣಿಗೆಯ ಕಡ್ಡಿ. ಹತ್ತನೇ ನಂಬರು. ಇಷ್ಟಕ್ಕೇ ಮುಗಿಸಿದರೆ ನನಗೆ ನಾನೇ ಮೋಸ ಮಾಡಿಕೊಂಡಂತೆ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಧಾರವಾಡದ ಮಳೆ ಯಾರಿಗಾದರೂ ಹೆದರಿದ್ದರೆ ಅದು ನನಗೆ. ಕೂಸಿನ ತಲೆಗೆ ಹಾಕುವ ಉಣ್ಣೆಯ ಟೊಪ್ಪಿಗೆಗೆ ನಮ್ಮ ಕಡೆ ಕುಲಾವಿ ಅನ್ನುತ್ತಾರೆ. ಆ ಊರಿನಲ್ಲಿ ಹುಟ್ಟಿದ ಅರ್ಧ ಜನ ನನ್ನ ತುದಿಯಿಂದ ಇಳಿದ ಕುಲಾವಿ ಹಾಕಿಕೊಂಡೇ ಮೊದಲ ಸಲ ಆಕಾಶ ನೋಡಿದ್ದು. ಅವರಲ್ಲಿ ಈಗ ವಕೀಲರಿದ್ದಾರೆ, ಮಾಸ್ತರರಿದ್ದಾರೆ, ಒಬ್ಬ ಫೌಜದಾರನೂ ಇದ್ದಾನೆ. ಅವರ ಮಿದುಳಿಗೆ ಥಂಡಿ ಹತ್ತದಂತೆ ಕಾಪಾಡಿದವರು ಯಾರು? ಅವರಂತೂ ಹೇಳುವುದಿಲ್ಲ. ನಾನೇ ಹೇಳಿಕೊಳ್ಳಬೇಕು.

ನನ್ನ ಹುಟ್ಟು ಬೆಂಕಿಯಲ್ಲಿ. ಕಾರ್ಖಾನೆಯವರು ಅಲ್ಯೂಮಿನಿಯಂ ಕರಗಿಸಿ, ಎಳೆದು, ತಂತಿ ಮಾಡಿ, ಕತ್ತರಿಸಿದರು. ನಾನು ಕೆಳಗೆ ಬಿದ್ದ ಮರುಗಳಿಗೆಗೇ ಅದೇ ತಂತಿಯ ಮುಂದಿನ ತುಂಡು ನನ್ನ ಪಕ್ಕಕ್ಕೆ ಟಣ್ಣೆಂದು ಬಿತ್ತು. ಅವನೇ ನನ್ನ ಜೋಡಿ. ಇಬ್ಬರಿಗೂ ಮೂತಿ ಚೂಪು ಮಾಡಿದರು, ನೀಲಿ ಬಣ್ಣ ಬಳಿದರು, ಬುಡಕ್ಕೊಂದು ಗುಂಡಿ ಹಾಕಿ ನಂಬರು ಒತ್ತಿದರು. ನೋಡಲು ಇಬ್ಬರೂ ಒಂದೇ ಥರ. ಚೆಲುವಿನಲ್ಲಿ ನಾನು ಒಂದು ಕೈ ಮೇಲು ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಅವನಿಗೆ ಹೇಳಿದ್ದೆ ಕೂಡ. ಅವನು ಮಾತಿನವನಲ್ಲ, ಸುಮ್ಮನಿದ್ದ.

ಧಾರವಾಡದ ಮಾರುಕಟ್ಟೆಯ ಒಂದು ಅಂಗಡಿಯಲ್ಲಿ, ಬಳೆ ರಿಬ್ಬನ್ನುಗಳ ನಡುವೆ ನೇತುಬಿದ್ದಿದ್ದ ನಮ್ಮನ್ನು ಕೊಂಡವಳು ಸಲೋಮಿ. ಹೆರಿಗೆ ಆಸ್ಪತ್ರೆಯ ನರ್ಸು. ತೆಳ್ಳಗಿನ ಹುಡುಗಿ, ಕಣ್ಣು ಮಾತ್ರ ಹದ್ದಿನದು. ಆ ಕಣ್ಣು ಮನುಷ್ಯರ ಮುಖ ನೋಡುತ್ತಿರಲಿಲ್ಲ, ಬೆನ್ನು ನೋಡುತ್ತಿತ್ತು. ದಾರಿಯಲ್ಲಿ ಯಾರಾದರೂ ಸ್ವೆಟರ್ ಹಾಕಿಕೊಂಡು ಹೋದರೆ ಸಾಕು, ಹಿಂದೆಯೇ ನಡೆದು ಬೆನ್ನಿನ ಮೇಲಿನ ಡಿಸೈನನ್ನು ಒಂದೊಂದೇ ಕುಣಿಕೆಯಾಗಿ ಓದಿಕೊಂಡು ಬಿಡುತ್ತಿದ್ದಳು. ಒಮ್ಮೆ ಯಾರೋ ಪರವೂರಿನ ಹೆಂಗಸಿನ ಬೆನ್ನು ಹಿಡಿದು ಹೊರಟವಳು ಸ್ಟೇಷನ್ನಿಗೆ ಹೋಗಿ, ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಇಳಿದಳು. ರೈಲು ಹೊರಟಮೇಲೆ ಅಲ್ಲವೆ ತೋಳಿನ ಡಿಸೈನು ಕಂಡದ್ದು! ನಾನು ಸುಳ್ಳು ಹೇಳುವವನಲ್ಲ. ಇದ್ದದ್ದನ್ನು ಉದ್ದ ಮಾಡುವುದು ಹೆಣಿಗೆಯ ಕಡ್ಡಿಯ ಹುಟ್ಟುಗುಣ, ಅಷ್ಟೆ.

ಕದ್ದ ಡಿಸೈನುಗಳು ಸಾಲದೆ ತಾನೇ ಹೊಸದನ್ನು ಕಟ್ಟುತ್ತಿದ್ದಳು. ಗೋಡೆಯ ಮೇಲೆ ಹರಿಯುವ ಇರುವೆ ನೋಡಿ ಇರುವೆ ಸಾಲು. ಸಂತೆಯಿಂದ ಬರುವ ಗಾಡಿ ನೋಡಿ ಜೋಳದ ತೆನೆ. ಸೀದಾ ಎರಡು, ಉಲ್ಟಾ ಒಂದು ಎಂದು ತುಟಿಯಲ್ಲೇ ಗುನುಗುತ್ತ ಕುಳಿತರೆ ಊಟದ ಗಂಟೆಯೂ ಕೇಳಿಸುತ್ತಿರಲಿಲ್ಲ.

ಅವಳ ಕೋಣೆಯಲ್ಲಿ ಇನ್ನೊಬ್ಬಳಿದ್ದಳು, ಚಂದ್ರಭಾಗಾ. ಅವಳೂ ನರ್ಸು. ದೊಡ್ಡ ದನಿ, ದೊಡ್ಡ ನಗು, ಎರಡು ತಟ್ಟೆ ಅವಲಕ್ಕಿಗೆ ಬಗ್ಗದ ಹಸಿವು. ಸಲೋಮಿಗೆ ಹಗಲು ಪಾಳಿ ಬಿದ್ದರೆ ಇವಳಿಗೆ ರಾತ್ರಿಯದು. ವಾರ್ಡಿನ ಬಾಗಿಲಲ್ಲಿ ಒಬ್ಬಳು ಒಳಗೆ ಬರುವಾಗ ಇನ್ನೊಬ್ಬಳು ಹೊರಗೆ ಹೊರಡುವಳು. ಆಗ ಕೈಯಿಂದ ಕೈಗೆ ದಾಟುತ್ತಿದ್ದವರು ನಾವು, ಅರ್ಧ ಹೆಣೆದ ಕುಲಾವಿಯ ಸಮೇತ. ಹಣೆಯ ಕಡೆಯಿಂದ ಸಲೋಮಿ ಶುರು ಮಾಡುವಳು, ನೆತ್ತಿಯಿಂದಾಚೆ ಚಂದ್ರಭಾಗಾ ಮುಗಿಸುವಳು. ವಾರ್ಡಿನಲ್ಲಿ ಹುಟ್ಟಿದ ಕೂಸು ಬರಿತಲೆಯಲ್ಲಿ ಮನೆಗೆ ಹೋಗಬಾರದು ಎಂಬುದು ಇಬ್ಬರ ಹಟ.

ಆದರೆ ಹೆಣಿಗೆ ಬಲ್ಲವರಿಗೆ ಗೊತ್ತು, ಕೈ ಎಲ್ಲರದೂ ಒಂದೇ ಅಲ್ಲ. ಸಲೋಮಿಯದು ಬಿಗಿ ಕೈ. ಅವಳು ಎಳೆದ ಕುಣಿಕೆಗಳೊಳಗೆ ನನಗೆ ಉಸಿರೇ ಕಟ್ಟುತ್ತಿತ್ತು. ಚಂದ್ರಭಾಗಾಳದು ಸಡಿಲ ಕೈ. ಅವಳ ಕುಣಿಕೆಗಳಲ್ಲಿ ನಾನು ಅಂಗಳದಲ್ಲಿ ಓಡಾಡಿದಂತೆ ಓಡಾಡುತ್ತಿದ್ದೆ. ಹೀಗಾಗಿ ಕುಲಾವಿಯ ನಟ್ಟನಡುವೆ, ಕೈ ಬದಲಾದ ಜಾಗದಲ್ಲಿ, ಒಂದು ಗೆರೆ ಎದ್ದು ಕಾಣುತ್ತಿತ್ತು. ಊರಿನ ಕೂಸುಗಳ ನೆತ್ತಿಯ ಮೇಲೆಲ್ಲ ಅದೇ ಗೆರೆ.

"ಏ ಚಂದ್ರಿ, ಎಷ್ಟ ಸಡ್ಲ ಹೆಣಿತೀಯವ್ವಾ ನೀ? ಇದರಾಗ ಕೂಸಿನ ತಲಿ ಅಲ್ಲ, ಕುಂಬಳಕಾಯಿ ಹೊಕ್ಕೀತು."

"ನೀ ಹೆಣದದ್ದ ಹಾಕ್ಕೊಂಡ ಕೂಸಿಗೆ ಬುದ್ಧಿ ಬೆಳಿಯಾಕ ಜಾಗಾನ ಇರೂದಿಲ್ಲ ಸಲೂ. ಅದಕ್ಕ ಹಿಂದ ನಾ ಒಂದೀಟ ಜಾಗಾ ಬಿಟ್ಟಿರತೇನಿ."

ಹೀಗೆ ಬಾಗಿಲಲ್ಲೇ ನಿಂತು ಬೈದಾಡಿ, ನಕ್ಕು, ಒಬ್ಬಳು ಒಳಗೆ, ಒಬ್ಬಳು ಹೊರಗೆ. ನನ್ನ ಬದುಕಿನ ಒಳ್ಳೆಯ ಕಾಲ ಯಾವುದು ಎಂದು ಯಾರಾದರೂ ಕೇಳಿದರೆ ಆ ಬಾಗಿಲನ್ನು ತೋರಿಸುತ್ತೇನೆ.

ಒಂದು ಚಳಿಗಾಲ ಊರಿನ ಮಹಿಳಾ ಮಂಡಳದವರು ಹೆಣಿಗೆಯ ಪ್ರದರ್ಶನ ಇಟ್ಟರು. ಗೆಳತಿಯರಿಬ್ಬರೂ ಸೇರಿ ಒಂದು ಶಾಲು ಹೆಣೆದರು. ಡಿಸೈನು ಸಲೋಮಿಯದೇ, ಹೊಸದು. ಗಿಣಿಮೂಗು ಎಂದು ಹೆಸರು. ಆ ಶಾಲನ್ನು ನೋಡಲು ಗಿಣಿಗಳು ಬಂದು ಕಿಟಕಿಯಲ್ಲಿ ಕೂರುತ್ತಿದ್ದವು ಎಂದರೆ ನಂಬಬೇಕು ನೀವು. ಅರ್ಧ ಇವಳು, ಅರ್ಧ ಅವಳು. ನಡುವೆ ಅದೇ ಗೆರೆ. ಅಷ್ಟರಲ್ಲಿ ಚಂದ್ರಭಾಗಾಳನ್ನು ನೋಡಲು ನಿಪ್ಪಾಣಿಯ ಕಡೆಯಿಂದ ಗಂಡಿನವರು ಬರುತ್ತಾರೆಂದು ಅವಳು ರಜೆ ಹಾಕಿ ಊರಿಗೆ ಹೋದಳು.

ಸಲೋಮಿ ಶಾಲನ್ನು ಮಂಚದ ಮೇಲೆ ಹರಡಿ, ನಿಂತು ನೋಡಿದಳು. ಕೂತು ನೋಡಿದಳು. ಬೆನ್ನುಗಳನ್ನು ಓದುವ ಆ ಹದ್ದಿನ ಕಣ್ಣಿಗೆ ಬೇರೇನೂ ಕಾಣಲೊಲ್ಲದು, ಗೆರೆಯೊಂದೇ ಕಾಣುತ್ತಿತ್ತು. ಕೊನೆಗೆ ಎಳೆಯ ತುದಿ ಹಿಡಿದು ಎಳೆದಳು. ಚಂದ್ರಭಾಗಾಳ ಅರ್ಧವೆಲ್ಲ ಸುಕ್ಕು ಸುಕ್ಕಾದ ದಾರವಾಗಿ ಅವಳ ತೊಡೆಯ ಮೇಲೆ ಬಂದು ಬಿತ್ತು. ಅದನ್ನೇ ಬಿಸಿನೀರಿನ ಹಬೆಗೆ ಹಿಡಿದು ನೇರ ಮಾಡಿ ತನ್ನ ಬಿಗಿ ಕೈಯಲ್ಲಿ ಮತ್ತೆ ಹೆಣೆದಳು. ಗೆರೆ ಹೋಯಿತು. ಬಹುಮಾನ ಬಂತು. ಮೊದಲನೆಯದು! ಅದರಲ್ಲಿ ನನ್ನ ಪಾಲೆಷ್ಟು ಎಂದು ಬೇರೆ ಹೇಳಬೇಕೆ?

ಚಂದ್ರಭಾಗಾ ಊರಿನಿಂದ ನೇರವಾಗಿ ಪ್ರದರ್ಶನದ ಸಭಾಗೃಹಕ್ಕೇ ಬಂದಳು. ಮದುವೆ ಗೊತ್ತಾಗಿತ್ತು. ಬಾಯಿತುಂಬ ನಗುತ್ತ ಬಂದವಳು ಬಹುಮಾನದ ಚೀಟಿ ನೋಡಿ ಇನ್ನೂ ನಕ್ಕಳು. ಆಮೇಲೆ ಶಾಲಿನ ಮೇಲೆ ಕೈಯಾಡಿಸಿದಳು. ಈ ತುದಿಯಿಂದ ಆ ತುದಿಗೆ. ಮತ್ತೊಮ್ಮೆ. ನಗು ಹೋಯಿತು.

"ಸಲೂ, ನನ್ನ ಕೈ ಎಲ್ಲೆ ಐತಿ?"

"ಗೆರಿ ಭಾಳ ಕಾಣತಿತ್ತ ಚಂದ್ರಿ. ನಾಕ ಮಂದಿ ನೋಡೂದಲ್ಲೇನ? ಚೀಟಿ ಮ್ಯಾಲ ಇಬ್ಬರ ಹೆಸರೂ ಬರಿಸೇನಿ, ನೋಡ."

"ಹೆಸರ ಇಟ್ಟಿ. ಕೈ ತಗದಿ."

"ಒಂದ ಗೆರಿ ಸಲುವಾಗಿ..."

"ಗೆರಿ ಅಲ್ಲದು. ಅದು ನಾನು."

ಸಲೋಮಿಯ ಚೀಲದಲ್ಲಿ ನಾವಿಬ್ಬರೂ ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದೆವು. ಚಂದ್ರಭಾಗಾಳ ಕೈ ಒಳಗೆ ಬಂತು. ನನ್ನ ಜೋಡಿಯನ್ನು ಹಿಡಿದು ಹೊರಗೆ ಎಳೆಯಿತು.

"ನಿನಗ ಒಬ್ಬಾಕೀನ ಹೆಣಿಯೂದ ಬೇಕಲ್ಲ? ಹೆಣಿ. ಒಂದ ಕಡ್ಡೀಲೆ ಹೆಣಿ."

ಹೋದಳು. ಆ ವಾರವೇ ಕೋಣೆ ಬಿಟ್ಟಳು, ಕೆಲಸ ಬಿಟ್ಟಳು, ನಿಪ್ಪಾಣಿಯ ಸೊಸೆಯಾದಳು. ಮದುವೆಗೆ ಕರೆ ಬರಲಿಲ್ಲ. ಸಲೋಮಿ ಒಬ್ಬರ ಕೈಯಲ್ಲಿ ಹೇಳಿ ಕಳಿಸಿದಳು. ತಿರುಗಿ ಮಾತು ಬರಲಿಲ್ಲ.

ಬೇರೆ ಯಾವ ವಸ್ತುವಿಗಾದರೂ ಒಂಟಿಯಾಗಿ ಏನಾದರೊಂದು ಅರ್ಥವಿರುತ್ತದೆ. ಒಂದು ಚಮಚ ಚಮಚವೇ, ಒಂದು ಸೂಜಿ ಸೂಜಿಯೇ. ಒಂಟಿ ಹೆಣಿಗೆಯ ಕಡ್ಡಿ ಮಾತ್ರ ಏನೂ ಅಲ್ಲ. ಸಲೋಮಿ ಅಂಗಡಿಗೆ ಹೋಗಿ ಹೊಸ ಜೋಡಿಯನ್ನು ಕೈಯಲ್ಲಿ ಹಿಡಿದು ನೋಡಿ, ಅಲ್ಲೇ ತೂಗುಹಾಕಿ ಬಂದಳು. ಹೊಸ ಜೋಡಿ ಕೊಂಡರೆ ಚಂದ್ರಿ ಬರುವುದಿಲ್ಲ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತಲ್ಲ. ನನ್ನನ್ನು ತಂದು ಕುಂಡದಲ್ಲಿ ಡೇರೆ ಗಿಡದ ಆಸರೆಗೆ ನೆಟ್ಟಳು. ಊರಿಗೇ ಬೆಚ್ಚನೆ ಹೊದಿಸಿದವನು ಮಣ್ಣಿನಲ್ಲಿ ಕಾಲೂರಿ ನಿಂತು ಒಂದು ಗಿಡಕ್ಕೆ ಊರುಗೋಲಾದೆ. ಆ ಡೇರೆ ಬಿಟ್ಟ ಹೂ ಎತ್ತಿನ ಗಾಡಿಯ ಚಕ್ರದಷ್ಟಿತ್ತು ಎನ್ನುವುದೊಂದೇ ಸಮಾಧಾನ. ನಾನು ಅತ್ತೆನೆಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಲೋಹಕ್ಕೆ ತುಕ್ಕು ಕೂಡ ಹಿಡಿಯುವುದಿಲ್ಲ.

ವಾರ್ಡಿನ ಆಯಾ ಮಲ್ಲವ್ವ ಒಂದು ಮಳೆಗಾಲದ ಮಧ್ಯಾಹ್ನ ಕೋಣೆಗೇ ಬಂದು ನಿಂತಳು.

"ಬಾಯಾರ, ಕೂಸುಗಳು ಬೋಳತಲೀಲೆ ಮನಿಗೆ ಹೊಂಟಾವ್ರಿ. ನಿಮ್ಮಿಬ್ಬರ ಸಿಟ್ಟಿಗೆ ಅವೇನ ಮಾಡ್ಯಾವು?"

"ಕಡ್ಡಿ ಒಂದ ಐತಿ ಮಲ್ಲವ್ವ."

"ಇಕಾ ತಗೋರಿ. ಅರಿವಿ ಕಪಾಟಿನ ಹಿಂದ ಬಿದ್ದಿತ್ತು. ಬಣ್ಣಾ ಅದ ಐತಿ ನೋಡ್ರಿ."

ಬಣ್ಣ ಅದೇ ಇತ್ತು, ನೀಲಿ. ಆದರೆ ಆಸಾಮಿ ಎಂಟನೇ ನಂಬರು. ನಮ್ಮ ಲೋಕದ ಲೆಕ್ಕ ತಲೆಕೆಳಗು, ನಂಬರು ಇಳಿದಷ್ಟೂ ಮೈ ದಪ್ಪ. ಇವನಂತೂ ನನ್ನ ಪಕ್ಕದಲ್ಲಿ ಪೈಲ್ವಾನ. ಮೇಲಾಗಿ ನಿದ್ದೆಗಣ್ಣಿನವನು. ಸಲೋಮಿ ನನ್ನನ್ನು ಕುಂಡದಿಂದ ಕಿತ್ತು ಒರೆಸಿಕೊಂಡಳು, ಅವನ ಬುಡದ ನಂಬರು ನೋಡಲಿಲ್ಲ. ಹೊರಗೆ ಮಳೆ ನೋಡುತ್ತ, ಮಲ್ಲವ್ವನ ಜೊತೆ ಮಾತಾಡುತ್ತ ಕೈಯ ರೂಢಿಯಲ್ಲೇ ಹೆಣೆದಳು. ಬೆರಳುಗಳು ಎಷ್ಟೋ ದಿನದ ಮೇಲೆ ಓಡುತ್ತಿದ್ದವು. ಒಂದು ಬೆರಳುದ್ದ ಆದ ಮೇಲೆ ಮಡಿಲಿನತ್ತ ನೋಡಿದಳು.

ನನ್ನ ಮೇಲೆ ಬಂದ ಸಾಲು ಬಿಗಿ. ಪೈಲ್ವಾನನ ಮೇಲೆ ಬಂದ ಸಾಲು ಸಡಿಲ. ಒಂದು ಬಿಗಿ, ಒಂದು ಸಡಿಲ, ಮತ್ತೆ ಒಂದು ಬಿಗಿ, ಒಂದು ಸಡಿಲ. ಹೆಣಿಗೆ ಕಲಿಯುವವರು ಮಾಡುವ ತಪ್ಪು. ಇಂಥದ್ದನ್ನು ಕಂಡರೆ ಸಲೋಮಿ ಒಂದು ಕ್ಷಣ ಇಟ್ಟುಕೊಳ್ಳುವವಳಲ್ಲ. ಎಳೆಯ ತುದಿ ಹಿಡಿದಳು. ಎಳೆದಳು. ಒಂದು ಸಾಲು ಬಿಚ್ಚಿತು. ಅದು ಸಡಿಲದ ಸಾಲು.

ಅವಳ ಕೈ ಅಲ್ಲೇ ನಿಂತಿತು. ಹೆಬ್ಬೆರಳಿನಿಂದ ಕೆಳಗಿನ ಸಾಲುಗಳನ್ನು ಸವರಿದಳು. ಪ್ರದರ್ಶನದ ದಿನ ಚಂದ್ರಭಾಗಾ ಶಾಲನ್ನು ಹಾಗೆಯೇ ಸವರಿದ್ದಳು.

"ಯಾಕ್ರೀ ಬಾಯಾರ, ತಪ್ಪೇತೇನು?"

"ಇಲ್ಲ ಮಲ್ಲವ್ವ. ಬರೋಬರಿ ಐತಿ."

ಬಿಚ್ಚಿದ ಕುಣಿಕೆಗಳನ್ನು ಒಂದೊಂದಾಗಿ ಎತ್ತಿ ಪೋಣಿಸಿದಳು. ಒಂದನ್ನೂ ಬಿಡಲಿಲ್ಲ. ಅಂದಿನಿಂದ ವಾರ್ಡಿನಿಂದ ಹೊರಟ ಕುಲಾವಿಗಳೆಲ್ಲ ಅದೇ ಡಿಸೈನಿನವು. ನಾನು ಮತ್ತು ಪೈಲ್ವಾನ ಸೇರಿ ಕಂಡುಹಿಡಿದದ್ದು ಎಂದು ನೀವು ತಿಳಿಯಬಹುದು. ಪೈಲ್ವಾನನದು ಅದರಲ್ಲಿ ಏನೂ ಇಲ್ಲ. ಬಾಣಂತಿಯರು, "ಇದಕ್ಕೇನಂತಾರ್ರಿ ಸಿಸ್ಟರ?" ಎಂದು ಕೇಳಿದರೆ ಸಲೋಮಿ, "ಎರಡು ಕೈ" ಅನ್ನುತ್ತಿದ್ದಳು. ಎರಡು ಕೈಯಿಲ್ಲದೆ ಯಾರಾದರೂ ಹೆಣೆಯುತ್ತಾರೆಯೇ ಎಂದು ಅವರು ನಗುತ್ತಿದ್ದರು.

ವರ್ಷಗಳು ಹೇಗೆ ಹೋದವೆಂದರೆ ಉಣ್ಣೆಯ ಉಂಡೆ ಉರುಳಿ ಮಂಚದ ಕೆಳಗೆ ಹೋದ ಹಾಗೆ. ಸಲೋಮಿ ಮದುವೆಯಾಗಲಿಲ್ಲ. ನಿವೃತ್ತಳಾದಳು. ಚರ್ಚಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದಳು. ಅವಳು ಮುಗಿಸಿದ ಕೆಲಸಗಳಲ್ಲಿ ಒಂದಾದರೂ ಅವಳ ಬಳಿ ಉಳಿದಿರಲಿಲ್ಲ. ಎಲ್ಲ ಪರರ ತಲೆಯ ಮೇಲೆ ಹೋಗಿದ್ದವು, ಆ ತಲೆಗಳೂ ಬೆಳೆದು ಕುಲಾವಿ ಬಿಟ್ಟಿದ್ದವು. ಮುದುಕಿ ಮಲ್ಲವ್ವ ವಾರಕ್ಕೊಮ್ಮೆ ಬಂದು ಹೊಸ ಕುಲಾವಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ವಾರ್ಡಿಗೆ ಒಯ್ಯುವಳು. ಅವಳು ಹೋದಮೇಲೆ ಆ ಕೋಣೆಯಲ್ಲಿ ಮಾತಾಡುವವರು ನಾವಿಬ್ಬರೇ, ನಾನು ಮತ್ತು ಪೈಲ್ವಾನ. ಟಿಕ್, ಟಿಕ್. ಅವನು ಮಾತಿಗೆ ಮಾತು ಕೊಡುತ್ತಿದ್ದ, ನಿಜ. ಆದರೆ ಒಂದೇ ತಂತಿಯವನಲ್ಲವಲ್ಲ. ನನ್ನ ಜಂಬವನ್ನೆಲ್ಲ ನಂಬಿಬಿಡುತ್ತಿದ್ದ. ಸುಮ್ಮನೆ ಕೇಳಿಸಿಕೊಂಡು ನಂಬದೆ ಇರುವವನು ನಿಪ್ಪಾಣಿಯಲ್ಲಿದ್ದ.

ಒಂದು ದಿನ ಮಧ್ಯಾಹ್ನ ಬಾಗಿಲಲ್ಲಿ ಒಂದು ದೊಡ್ಡ ದನಿ.

"ಸಲೋಮಿ ಸಿಸ್ಟರ್ ಅಂದ್ರ ಇದ ಮನೀನ?"

ಸಲೋಮಿ ಎದ್ದು ನಿಂತಳು. ದನಿಗೆ ವಯಸ್ಸಾಗಿರಲಿಲ್ಲ. ಅದನ್ನು ಹೊತ್ತ ಹೆಂಗಸು ಮಾತ್ರ ತಲೆ ಬೆಳ್ಳಗಾಗಿ, ಮೈ ಗುಂಡಗಾಗಿ, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಿದ್ದಳು. ಮೊಮ್ಮಗನ ಹೆಂಡತಿಯ ತವರು ಧಾರವಾಡ. ಚೊಚ್ಚಲ ಹೆರಿಗೆ ಇಲ್ಲೇ ಆಗಿತ್ತು. ಮರಿಮೊಮ್ಮಗಳನ್ನು ತೊಟ್ಟಿಲಿಗೆ ಹಾಕಲು ನಿಪ್ಪಾಣಿಯಿಂದ ಬಂದ ಚಂದ್ರಭಾಗಾ ಕೂಸಿನ ತಲೆ ಸವರಿದವಳೇ ಕುಲಾವಿ ಬಿಚ್ಚಿಕೊಂಡು ಹೊರಬಿದ್ದಿದ್ದಳು. ಅಲ್ಲಿ ಬೀಗರು ಇವಳಿಗೆ ಏನಾಯಿತೆಂದು ಗಾಬರಿಯಾಗಿರಬೇಕು. ಇವಳಿಗೆ ಅದರ ಪರಿವೆಯೇ ಇಲ್ಲ. ಕುಲಾವಿಯನ್ನು ಸಲೋಮಿಯ ಮುಖಕ್ಕೆ ಹಿಡಿದಳು.

"ಈ ಬಿಗಿ ಸಾಲು ನಿಂದು. ಗೊತ್ತಾತು. ಈ ಸಡ್ಲ ಸಾಲು ಯಾರ್ದು?"

"ನಿಂದ."

"ನಾ ಎಲ್ಲಿ ಹೆಣದೆ?"

"ನೀ ಇಲ್ಲದ ಹೆಂಗ ಹೆಣೀಲಿ? ನೀನ ಅಂದಿದ್ದಿ, ಒಂದ ಕಡ್ಡೀಲೆ ಹೆಣಿ ಅಂತ. ಬರಲಿಲ್ಲ ನನಗ."

ಚಂದ್ರಭಾಗಾ ಮಂಚದ ಮೇಲೆ ಧೊಪ್ಪೆಂದು ಕುಳಿತಳು. ಬಹಳ ಹೊತ್ತು ಕುಲಾವಿಯನ್ನೇ ತಿರುವಿ ಮುರುವಿ ನೋಡಿದಳು. ಆಮೇಲೆ ಮೂಗು ಒರೆಸಿಕೊಂಡು, "ನಾ ಇಷ್ಟ ಸಡ್ಲ ಎಂದೂ ಹೆಣದಿಲ್ಲ ತಗೀ, ಸುಳ್ಳ ಬದನಾಮ ಮಾಡಬ್ಯಾಡ" ಅಂದಳು. ಇಬ್ಬರೂ ನಗಲು ಶುರುಮಾಡಿದರು. ಆ ನಗುವಿಗೆ ಚರ್ಚಿನ ಗಂಟೆ ತಾನಾಗಿಯೇ ಒಮ್ಮೆ ಹೊಡೆಯಿತು. ನಾನು ಕೇಳಿದ್ದೇನೆ.

ಎರಡು ದಿನ ಬಿಟ್ಟು ಊರಿಗೆ ಹೋದವಳು ಮರುವಾರವೇ ಮತ್ತೆ ಬಂದಳು. ಈ ಸಲ ಚೀಲದಿಂದ ನನ್ನ ಜೋಡಿಯನ್ನು ತೆಗೆದಳು. ಅವನ ಗತಿ ನೋಡಬೇಕಿತ್ತು ನೀವು! ನಿಪ್ಪಾಣಿಯ ಆ ದೊಡ್ಡ ಮನೆಯಲ್ಲಿ ಅವನನ್ನು ಹೆಂಗಸರು ಸೀರೆಯೊಳಗೆ ಉಡುವ ಪರಕಾರಗಳಿಗೆ ಲಾಡಿ ಪೋಣಿಸುವ ಕೆಲಸಕ್ಕೆ ಹಚ್ಚಿದ್ದರು. ಬಣ್ಣ ಹೋಗಿತ್ತು, ನಡು ಬಾಗಿತ್ತು. "ಏನಪ್ಪಾ, ಲಾಡಿ ಸಾಹೇಬರೇ" ಎಂದೆ. ಅವನು ಸುಮ್ಮನಿದ್ದ. ಆ ಸುಮ್ಮನಿರುವುದನ್ನು ಎಷ್ಟು ವರ್ಷದ ಮೇಲೆ ಕೇಳಿದೆನೆಂದರೆ, ನನಗೂ ಮುಂದೆ ಮಾತು ಬರಲಿಲ್ಲ. ಮಲ್ಲವ್ವ ಅವನನ್ನು ಕಲ್ಲಿನ ಮೇಲಿಟ್ಟು ಒನಕೆಯ ತುಂಡಿನಿಂದ ಬಡಿದು ತಕ್ಕಮಟ್ಟಿಗೆ ನೇರ ಮಾಡಿದಳು. ಪೈಲ್ವಾನನಿಗೆ ಡೇರೆ ಗಿಡದ ಕೆಲಸ ಸಿಕ್ಕಿತು.

ಹೊರಡುವಾಗ ಚಂದ್ರಭಾಗಾ ಬಾಗಿಲಲ್ಲಿ ನಿಂತು ಹೇಳಿದಳು. "ಮುಂದಿನ ಅರ್ಧಾ ನಂದು. ನೀ ಹಣಿಯಿಂದ ಶುರು ಮಾಡು. ನೆತ್ತಿ ಮುಟ್ಟಿದ ಕೂಡಲೆ ನನಗ ಕಳಸು. ಬಿಗಿದ ಕಟ್ಟಬ್ಯಾಡ."

"ನೀ ಸಡ್ಲ ಬಿಡಬ್ಯಾಡ. ಗೆರಿ ಕಾಣತೈತಿ."

"ಕಾಣಲಿ ಬಿಡು. ಕಾಣಾಕ ಅಂತನ ಹೆಣಿಯೂದು."

ಸಲೋಮಿ ಅಂದು ಸಂಜೆಯೇ ಕುಣಿಕೆ ಎತ್ತಿದಳು. ಹಳದಿ ಉಣ್ಣೆ. ನಾನು, ನನ್ನ ಜೋಡಿ, ನಡುವೆ ಅವಳ ಬೆರಳು. ಆದರೆ ಆ ವಾರವೇ ಥಂಡಿ ಏರಿ ಅವಳ ಬೆರಳುಗಳಲ್ಲಿ ಎಳೆಯುವ ಬಲ ಹೋಯಿತು. ಗಂಟುಗಳು ಊದಿದ್ದವು. ಒಂದು ಸಾಲಿಗೆ ಒಂದು ಮಧ್ಯಾಹ್ನ ಹಿಡಿಯುತ್ತಿತ್ತು. ಹಿಂದೆ ಉಸಿರು ಕಟ್ಟಿಸುತ್ತಿದ್ದವಳ ಕುಣಿಕೆಗಳಲ್ಲಿ ನಾನು ಆರಾಮಾಗಿ ಆಡಿಕೊಂಡಿದ್ದೆ. ನನಗೆ ಅದು ಸೇರಲಿಲ್ಲ.

ನೆತ್ತಿಯವರೆಗೆ ಬಂತು. ಅದನ್ನು ನಿಪ್ಪಾಣಿಗೆ ತಂದವಳು ಮಲ್ಲವ್ವ. ಜನ್ಮದಲ್ಲಿ ಅಷ್ಟು ದೂರದ ಬಸ್ಸು ಹತ್ತದವಳು ಎದುರಿಗೆ ಬಂದು ನಿಂತದ್ದನ್ನು ನೋಡಿಯೇ ಚಂದ್ರಭಾಗಾ ಕುಲಾವಿಗೆ ಕೈಚಾಚಿದಳು.

"ಕುರ್ಚೇದ ಮ್ಯಾಲ ಕುಂತಲ್ಲೇ ಹೋಗಿದ್ರರಿ, ಬಾಯಾರ. ಇದು ಇತ್ತರಿ, ಅವರ ಮಡಲಾಗ. ಅರ್ಧಾ ಆಗಿತ್ತು. ಮಣ್ಣಿಗೆ ಭಾಳ ಮಂದಿ ಬಂದಿದ್ರು. ಎಲ್ಲಾ ಅವರ ಕುಲಾವಿ ಹಾಕ್ಕೊಂಡ ಬೆಳದವರ."

ಚಂದ್ರಭಾಗಾ ಮಲ್ಲವ್ವನಿಗೆ ಊಟ ಹಾಕಿ ಬಸ್ಸಿಗೆ ಕಳಿಸಿದಳು. ಆಮೇಲೆ ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತು ಹೆಣೆಯತೊಡಗಿದಳು. ಅವಳ ಕೈ ಹೇಗಾಗಿತ್ತೆಂದು ನನಗೆ ಮೊದಲ ಸಾಲಿನಲ್ಲೇ ತಿಳಿಯಿತು. ಅಷ್ಟು ದೊಡ್ಡ ಮನೆಯ ರೊಟ್ಟಿ ಬಡಿದು, ನೀರು ಸೇದಿ ಗಟ್ಟಿಯಾದ ಕೈ. ಅವಳ ಕುಣಿಕೆಗಳಲ್ಲಿ ನಾನು ಓಡಾಡುತ್ತಿದ್ದ ಆ ಹಳೆಯ ಅಂಗಳ ಈಗ ಇರಲಿಲ್ಲ. ದಿನಾ ಒಂದಿಷ್ಟು ಹೆಣೆದಳು. ಕಿವಿಯ ಬಳಿ ಇಳಿಸಿದಳು, ಹಿಂದಲೆಗೆ ತಂದಳು. ಕೊನೆಯ ಸಾಲು ನನ್ನ ಮೇಲೆ ಬಂದಾಗ ಕುಲಾವಿಯನ್ನು ಬಿಸಿಲಿಗೆ ಹಿಡಿದು ಗೆರೆ ಹುಡುಕಿದಳು.

ಗೆರೆ ಇರಲಿಲ್ಲ.

ಕನ್ನಡಕ ಒರೆಸಿ ಮತ್ತೆ ನೋಡಿದಳು. ಕಣ್ಣು ಮುಚ್ಚಿ ಬೆರಳಿನಿಂದ ಸವರಿದಳು. ಈ ತುದಿಯಿಂದ ಆ ತುದಿಗೆ. ಒಬ್ಬಳು ಸಡಿಲಾಗಿದ್ದಳು, ಒಬ್ಬಳು ಬಿಗಿಯಾಗಿದ್ದಳು, ನಡುದಾರಿಯಲ್ಲಿ ಇಬ್ಬರ ಕೈಯೂ ಒಂದೇ ಆಗಿತ್ತು. ಸಲೋಮಿ ಎಲ್ಲಿ ನಿಂತಳು, ತಾನು ಎಲ್ಲಿ ಶುರುಮಾಡಿದೆ, ಯಾವ ಕಣ್ಣಿಗೂ ಗೊತ್ತಾಗುವಂತಿರಲಿಲ್ಲ. ಬಹುಮಾನದ ಶಾಲಿನಲ್ಲೂ ಅಷ್ಟು ನಯವಿರಲಿಲ್ಲ.

"ಎಲ್ಲೆ ಬಿಟ್ಟೀಯ ಸಲೂ?" ಎಂದು ಕುಲಾವಿಯನ್ನೇ ಕೇಳಿದಳು. "ಎಲ್ಲೀತನ ನಿಂದು? ಒಂದ ಗೆರಿ ಬಿಡಬಾರದಿತ್ತೇನ?"

ನನಗೆ ಗೊತ್ತಿತ್ತು. ಯಾವ ಕುಣಿಕೆಯಲ್ಲಿ ಯಾವ ಬೆರಳು ಬಿಟ್ಟಿತು, ಯಾವುದು ಹಿಡಿಯಿತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಜನ್ಮವೆಲ್ಲ ಇಲ್ಲದ್ದನ್ನು ಹೇಳಿಕೊಂಡು ಬಂದವನಿಗೆ ಇದ್ದದ್ದೊಂದನ್ನು ಹೇಳಲು ಬಾಯಿಲ್ಲ.

ಅವಳು ಕುಲಾವಿಯನ್ನು ಮುಗಿಸಲಿಲ್ಲ. ಕೊನೆಯ ಸಾಲನ್ನು ಕಟ್ಟದೆ ಹಾಗೇ ನನ್ನ ಮೇಲೆ ಬಿಟ್ಟು, ನನ್ನನ್ನು ಟ್ರಂಕಿನಲ್ಲಿ ಮಲಗಿಸಿದಳು. ನನ್ನ ಜೋಡಿಯ ಕೈ ಖಾಲಿಯಾಗಿತ್ತು, ಅವನು ಮತ್ತೆ ಲಾಡಿಯ ಕೆಲಸಕ್ಕೆ ಹೋದ. ಆಗಾಗ ಅವನನ್ನು ಟ್ರಂಕಿನ ಮೇಲೆ ಎಸೆಯುತ್ತಾರೆ. ಟಣ್ಣೆಂದು ತಗಡಿನ ಸದ್ದಾಗುತ್ತದೆ. ಹುಟ್ಟಿದ ದಿನ ಪಕ್ಕದಲ್ಲಿ ಬಿದ್ದ ಅದೇ ಸದ್ದು. ಆಮೇಲೆ ಸುಮ್ಮನೆ.

ಈಗ ಊರಿನಲ್ಲಿ ಹೆಣೆದ ಕುಲಾವಿ ಯಾರೂ ಹಾಕುವುದಿಲ್ಲವಂತೆ, ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತವಂತೆ. ಇರಲಿ. ಲಕ್ಷ ತಲೆಗಳಿಗೆ ಹೊದಿಸಿದ ನನಗೆ ಕಡೆಗಾಲಕ್ಕೆ ನನ್ನದೇ ಒಂದು ಕುಲಾವಿ ಸಿಕ್ಕಿದೆ, ಹಳದಿಯದು. ಬೆಚ್ಚಗಿದೆ. ಆದರೆ ನಾನು ಒಂದಿಷ್ಟು ಜಾರಿದರೂ ಸಾಕು, ಒಂದೊಂದೇ ಕುಣಿಕೆ ಬಿಟ್ಟುಕೊಂಡು ಮೊದಲು ಚಂದ್ರಭಾಗಾ ಬಿಚ್ಚಿಹೋಗುತ್ತಾಳೆ, ಆಮೇಲೆ ಸಲೋಮಿ. ಅದಕ್ಕೇ ಅಲುಗಾಡದೆ ಮಲಗಿದ್ದೇನೆ.